ಹೆಸರಿನ ಮೊದಲಕ್ಷರ

ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. "ಮೇಷ್ಟ್ರೇ, ಮಗಳಿಗೆ ತೀರಿಕೊಂಡ ಅಮ್ಮನ ಹೆಸರು ಗಿರಿಜಾ ಎಂದೇ ಇಡುವ ಆಸೆ. ಆದರೆ ಮಗುವಿನದು ಹಸ್ತಾ ನಕ್ಷತ್ರ, ಮೂರನೆಯ ಪಾದ. 'ಣ' ಅಕ್ಷರ ಬಂದಿದೆಯಂತೆ." ಅವಳ ಗಂಟಲು ಕಟ್ಟಿತ್ತು.

27 ನಕ್ಷತ್ರಗಳಿಗೆ ನಾಲ್ಕರಂತೆ 108 ಪಾದಗಳು. ಪಂಚಾಂಗದ ಅವಕಹಡಾ ಚಕ್ರವು ಪ್ರತಿ ಪಾದಕ್ಕೂ ಒಂದು ಅಕ್ಷರವನ್ನು ಕೊಡುತ್ತದೆ. ಆದರೆ 'ಣ'ಕಾರದಿಂದ ಮೊದಲಾಗುವ ಹೆಸರು ನಮ್ಮಲ್ಲಿ ಬಳಕೆಯಲ್ಲೇ ಇಲ್ಲ.

ನಾಮಕರಣವನ್ನು ವಿವರಿಸುವ ಪ್ರಾಚೀನ ಆಶ್ವಲಾಯನ ಗೃಹ್ಯಸೂತ್ರವು ಈ ಪಾದಾಕ್ಷರದ ಮಾತನ್ನೇ ಎತ್ತುವುದಿಲ್ಲ. ಹೆಸರಿನ ಮೊದಲಿಗೆ ಘೋಷಾಕ್ಷರ, ನಡುವೆ ಯ-ರ-ಲ-ವಗಳಲ್ಲೊಂದು ಇರಲಿ; ಗಂಡುಮಕ್ಕಳಿಗೆ ಸಮಸಂಖ್ಯೆಯ, ಹೆಣ್ಣುಮಕ್ಕಳಿಗೆ ಬೆಸಸಂಖ್ಯೆಯ ಅಕ್ಷರಗಳಿರಲಿ ಎನ್ನುತ್ತದೆ. ಉಪನಯನದವರೆಗೆ ತಂದೆತಾಯಿಗಳಷ್ಟೇ ಬಲ್ಲ ಇನ್ನೊಂದು ಹೆಸರನ್ನೂ ಅದು ವಿಧಿಸುತ್ತದೆ. ಎರಡು ಹೆಸರುಗಳ ಪದ್ಧತಿ ಅಷ್ಟು ಹಳೆಯದು.

ಇನ್ನು ಗಿರಿಜಾ: ಮೊದಲು ಘೋಷಾಕ್ಷರವಾದ 'ಗ', ನಡುವೆ 'ರ', ಒಟ್ಟು ಮೂರು ಅಕ್ಷರ. "ನಕ್ಷತ್ರದ ಅಕ್ಷರ ಜಾತಕದಲ್ಲಿರಲಿ, ಅಮ್ಮನ ಹೆಸರು ತೊಟ್ಟಿಲಲ್ಲಿರಲಿ ತಾಯಿ" ಎಂದೆ. ಅತ್ತ ಮಗು ಅಳುವುದು ಕೇಳಿಸಿತು. "ಬಂದೆ ಗಿರಿಜಾ" ಎನ್ನುತ್ತ ಅವಳು ಫೋನ್ ಇಟ್ಟಳು.