ಗಡಸು ನೀರು ಮತ್ತು ರಸಾಯನಶಾಸ್ತ್ರದ ಬೋಧನೆ: ಉಮರ್ಗಾ, ನಿಲಂಗಾ, ಉದಗೀರ ಸೀಮೆಯನ್ನು ಕುರಿತು

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರ ತಾಲ್ಲೂಕುಗಳೂ ಅವುಗಳಿಗೆ ಸಮೀಪದ ಉಮರ್ಗಾ ಸೀಮೆಯೂ ದಖ್ಖನ್ನಿನ ಕರಿಯ ಬಸಾಲ್ಟ್ ಶಿಲಾಸ್ತರದ ಮೇಲೆ ನೆಲಸಿವೆ. ಮಳೆಯ ನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಆ ಶಿಲೆಯ ಬಿರುಕುಗಳಲ್ಲಿ ಇಳಿಯುವಾಗ ಅಲ್ಲಿಯ ಖನಿಜಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸೆಳೆದುಕೊಳ್ಳುವುದರಿಂದ ಬಾವಿ, ಬೋರುಗಳ ನೀರು ಗಡಸಾಗುತ್ತದೆ. ಪಠ್ಯಪುಸ್ತಕದಲ್ಲಿ ಸಮೀಕರಣವಾಗಿ ಕಾಣುವ ಈ ಸಂಗತಿ ಮನೆಯಲ್ಲಿ ಬೇಯದ ತೊಗರಿಬೇಳೆಯಾಗಿ, ನೊರೆಯೇಳದ ಸಾಬೂನಾಗಿ, ಪಾತ್ರೆಯ ತಳಕ್ಕೆ ಹತ್ತಿದ ಬಿಳಿಯ ಹೆಪ್ಪಾಗಿ ಕಾಣುತ್ತದೆ.

ಈ ತೊಂದರೆಯನ್ನೇ ಪಾಠವಾಗಿಸಲು ವಿನ್ಯಾಸಚಿಂತನೆಯ ಪದ್ಧತಿ ನೆರವಾಗುತ್ತದೆ. ಇರುವ ಸ್ಥಿತಿಯನ್ನು ಅಪೇಕ್ಷಿತ ಸ್ಥಿತಿಗೆ ತರಲು ಉಪಾಯ ಹೂಡುವುದೇ ವಿನ್ಯಾಸವೆಂಬ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ನರ ವಿಚಾರವು 1969ರಲ್ಲಿ ಗ್ರಂಥರೂಪ ಪಡೆಯಿತು. ಅನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪದ್ಧತಿಯು ಸಹಾನುಭೂತಿ, ಸಮಸ್ಯಾನಿರೂಪಣೆ, ಕಲ್ಪನೆ, ಮಾದರಿ, ಪರೀಕ್ಷೆ ಎಂಬ ಐದು ಹಂತಗಳನ್ನು ಹೇಳುತ್ತದೆ. ಹಳ್ಳಿಯ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನವನ್ನು ಕಲಿಸುವ ಯತ್ನವು ಮಧ್ಯಪ್ರದೇಶದ ಹೊಶಂಗಾಬಾದಿನಲ್ಲಿ 1972ರಷ್ಟು ಹಿಂದೆಯೇ ಆರಂಭವಾಗಿತ್ತು. ವಿನ್ಯಾಸಚಿಂತನೆಯ ಪದ್ಧತಿ ಆ ಯತ್ನಕ್ಕೆ ಕೂಡಿಸುವುದು, ಪ್ರಯೋಗ ಯಾರಿಗಾಗಿ ಎಂಬ ಪ್ರಶ್ನೆಯನ್ನು.

ಶಾಲೆಯಲ್ಲಿ ಮರಾಠಿಯಲ್ಲಿ ಓದಿ ಮನೆಯಲ್ಲಿ ಕನ್ನಡವಾಡುವ, ಮಹಾರಾಷ್ಟ್ರ-ಕರ್ನಾಟಕ ಗಡಿಯ ಈ ಸೀಮೆಯ ಮಗುವಿಗೆ ಸಹಾನುಭೂತಿಯೆಂಬ ಮೊದಲ ಹಂತವು ಮನೆಮಾತಿನಲ್ಲಿಯೇ ನಡೆಯುತ್ತದೆ. ತಾಯಿಯನ್ನು ಕೇಳಿದರೆ, ಬೇಳೆ ಬೆಂದ ಮೇಲೆಯೇ ಹುಣಿಸೆಹುಳಿ ಹಾಕಬೇಕೆಂಬ ಮಾತು ದೊರೆಯುವುದು. ಆಮ್ಲವು ಬೇಳೆಯ ಕೋಶಭಿತ್ತಿಯ ಪೆಕ್ಟಿನ್ ಕರಗದಂತೆ ತಡೆಯುತ್ತದೆ. ಕ್ಯಾಲ್ಸಿಯಂ ಅದೇ ಪೆಕ್ಟಿನ್ನನ್ನು ಬಂಧಿಸಿ ಬಿಗಿಗೊಳಿಸುತ್ತದೆ. ಅಡಿಗೆಯ ಅನುಭವವೂ ಶಾಸ್ತ್ರವೂ ಇಲ್ಲಿ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತವೆ. ಇಂಥ ಪಾಠ ಬೇರೆಲ್ಲಿಯೂ ಸುಲಭವಾಗಿ ಸಿಗದೆಂದೇ ನನ್ನ ಭಾವನೆ.

ಸಮಸ್ಯೆಯನ್ನು "ಈ ನೀರಿನಲ್ಲಿ ಕಡಮೆ ಉರುವಲಿನಿಂದ ಬೇಳೆ ಬೇಯಿಸುವುದೆಂತು?" ಎಂದು ನಿರೂಪಿಸಿಕೊಂಡ ಮಕ್ಕಳು, ಬೇಳೆಯ ತೂಕ, ಪಾತ್ರೆ, ಉರಿಗಳನ್ನು ಸಮನಾಗಿರಿಸಿ, ತಾವೇ ಊಹಿಸಿದ ಉಪಾಯಗಳನ್ನು ಪರೀಕ್ಷಿಸಬೇಕು. ಪಟಕ ಹಾಕಿದರೆ ಸಾಕೆಂದು ಒಬ್ಬರು ಊಹಿಸಬಹುದು; ಅದು ರಾಡಿಯನ್ನು ಇಳಿಸುವುದಾದರೂ ಗಡಸುತನವನ್ನು ಕಳೆಯದು. ಸೋತ ಈ ಊಹೆಯ ದಾಖಲೆಗೂ ಅಂಕ ದೊರೆಯಲೇಬೇಕು. ಕುದಿಸಿ ಸೋಸಿದರೆ ಬೈಕಾರ್ಬೊನೇಟು ಕಾರ್ಬೊನೇಟಾಗಿ ತಳಗೂಡುತ್ತದೆ, ಸಲ್ಫೇಟು, ಕ್ಲೋರೈಡುಗಳಿಂದಾದ ಗಡಸುತನ ಉಳಿಯುತ್ತದೆ. ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಬೆರೆಸುತ್ತ ನೊರೆ ನಿಲ್ಲುವವರೆಗೆ ಎಣಿಸಿದರೆ ಈ ಭೇದ ತಿಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಅನ್ಯ ಜಲಮೂಲವಿಲ್ಲದೆಡೆ 600ರವರೆಗೆ ಅನುಮತಿಸಬಹುದೆಂದೂ ಹೇಳಿರುವುದನ್ನು ಶಿಕ್ಷಕನು ಈ ಎಣಿಕೆಯ ಸಂದರ್ಭದಲ್ಲಿಯೇ ತಿಳಿಸುವುದು ಯುಕ್ತ.

ಇನ್ನೊಂದು ಉಪಾಯವಾದ ಅಡಿಗೆ ಸೋಡಾ ಬೇಳೆಯನ್ನು ಬೇಗ ಮೆತ್ತಗಾಗಿಸುವುದು ನಿಜ; ಹೆಚ್ಚಾದರೆ ಥಯಾಮಿನ್ ನಾಶವಾಗುವುದೂ ಅಷ್ಟೇ ನಿಜ. ಆದುದರಿಂದ ಕೊನೆಯ ಪರೀಕ್ಷೆ ನಡೆಯಬೇಕಾದುದು ಅಡಿಗೆಮನೆಯಲ್ಲಿಯೇ. ರುಚಿ ಕೆಟ್ಟಿತೆಂದು ತಾಯಿ ಹೇಳಿದರೆ, ಸೋಡಾದ ಪ್ರಮಾಣವನ್ನು ತಗ್ಗಿಸಿ ಮಕ್ಕಳು ಮತ್ತೊಮ್ಮೆ ಅಳೆಯತಕ್ಕದ್ದು.