ಗಾಯಕ ಫೇಲಾ ಕೂಟಿ ಮತ್ತು ಅವನ ತಾಯಿ

ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದಲ್ಲಿ ಅಬೆಯೊಕುಟ ಎಂಬ ಪಟ್ಟಣವುಂಟು. ಬ್ರಿಟಿಷರ ಆಳಿಕೆಯಲ್ಲಿ ಅಲ್ಲಿ ‘ಅಲಾಕೆ’ ಎಂಬ ಬಿರುದಿನ ದೇಶೀಯ ಅರಸನಿದ್ದನು; ಅವನ ಮುಖಾಂತರ ಸಂತೆಯಲ್ಲಿ ಮಾರಿ ಜೀವಿಸುವ ಹೆಂಗಸರಿಂದಲೂ ತೆರಿಗೆಯು ವಸೂಲಾಗುತ್ತಿದ್ದಿತು. ಇದನ್ನು ಸಹಿಸಲಾರದೆ 1940ರ ದಶಕದಲ್ಲಿ ಸಾವಿರಾರು ಹೆಂಗಸರು ಅರಮನೆಯ ಮುಂದೆ ನೆರೆದು, ಅರಸನನ್ನು ಮೂದಲಿಸುವ ಹಾಡುಗಳನ್ನು ಹಾಡಿದರು. 1949ರ ಜನವರಿಯಲ್ಲಿ ಅರಸನು ಪಟ್ಟವನ್ನು ತೊರೆದನು. ಹಾಡೊಂದೇ ಅವನನ್ನು ಇಳಿಸಿತೆಂದರೆ ಅತ್ಯುಕ್ತಿಯಾದೀತು. ಮನವಿಗಳೂ ವಾದಗಳೂ ಅದರ ಜೊತೆಗಿದ್ದುವು. ಆದರೂ ಆ ಹೆಂಗಸರ ಮುಂದಾಳಾದ ಫುನ್ಮಿಲಾಯೊ ರಾನ್ಸಮ್ ಕೂಟಿಯ ಹತ್ತು ವರ್ಷದ ಮಗನಿಗೆ, ಆಳುವವನೂ ಹಾಡಿಗೆ ಅಂಜುವನೆಂಬುದು ಆಗಲೇ ಮನಸ್ಸಿಗೆ ನಾಟಿದ್ದರೆ ಆಶ್ಚರ್ಯವಿಲ್ಲ.

ಆ ಬಾಲಕನೇ ಮುಂದೆ ಲೋಕಪ್ರಸಿದ್ಧನಾದ ಫೇಲಾ. ಜನನ 1938ನೆಯ ಇಸವಿ ಅಕ್ಟೋಬರ್ 15. ಪಿತಾಮಹನು ಪಾದ್ರಿ, 1922ರಲ್ಲಿಯೇ ಲಂಡನ್ನಿನಲ್ಲಿ ಯೊರೂಬಾ ಭಾಷೆಯ ಭಕ್ತಿಗೀತೆಗಳನ್ನು ಹಾಡಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದವನು. ತಂದೆಯು ಊರಿನ ಗ್ರಾಮರ್ ಶಾಲೆಯ ಮುಖ್ಯೋಪಾಧ್ಯಾಯನು, ನೈಜೀರಿಯದ ಉಪಾಧ್ಯಾಯರ ಸಂಘದ ಪ್ರಥಮಾಧ್ಯಕ್ಷನು, ಬೆತ್ತದಲ್ಲಿ ಅಚಲವಾದ ವಿಶ್ವಾಸವುಳ್ಳವನು. ಉಪಾಧ್ಯಾಯರ ಮಕ್ಕಳು ಬೆತ್ತದಿಂದ ಏನನ್ನು ಕಲಿಯುವರೆಂಬುದಕ್ಕೆ ಫೇಲಾ ಒಂದು ನಿದರ್ಶನ: ಅವನು ಜೀವಮಾನವಿಡೀ ಯಾರ ಅಪ್ಪಣೆಗೂ ಬಗ್ಗಲಿಲ್ಲ.

ವೈದ್ಯನಾಗಲೆಂದು 1958ರಲ್ಲಿ ಅವನನ್ನು ಲಂಡನ್ನಿಗೆ ಕಳುಹಿದರು. ಅಣ್ಣನೂ ತಮ್ಮನೂ ವೈದ್ಯರಾದರು. ಇವನು ಮಾತ್ರ ಟ್ರಿನಿಟಿ ಸಂಗೀತ ಕಾಲೇಜನ್ನು ಸೇರಿ ತುತ್ತೂರಿಯನ್ನು ಹಿಡಿದನು. ಅಲ್ಲಿಯೇ ‘ಕೂಲಾ ಲೋಬಿಟೋಸ್’ ಎಂಬ ವಾದ್ಯಗೋಷ್ಠಿಯನ್ನು ಕಟ್ಟಿ, 1963ರಲ್ಲಿ ಸ್ವದೇಶಕ್ಕೆ ಮರಳಿದನು. ಅಮೆರಿಕದ ಜಾಸ್ ಸಂಗೀತವನ್ನೂ ತನ್ನ ಕಡಲತೀರದ ‘ಹೈಲೈಫ್’ ಎಂಬ ನೃತ್ಯಸಂಗೀತವನ್ನೂ ಬೆರಸಿದ ಆ ಪಾಕವು ಜನರಿಗೆ ಅಷ್ಟಾಗಿ ರುಚಿಸಲಿಲ್ಲ. 1969ರಲ್ಲಿ ಅಮೆರಿಕಕ್ಕೆ ಹೋದಾಗ ಲಾಸ್ ಏಂಜಲೀಸಿನಲ್ಲಿ ಸಾಂಡ್ರಾ ಸ್ಮಿತ್ ಎಂಬ ಯುವತಿಯು ಮಾಲ್ಕಮ್ ಎಕ್ಸ್‌ನ ಆತ್ಮಕಥೆಯನ್ನು ಅವನ ಕೈಯಲ್ಲಿರಿಸಿದಳು. ಆಫ್ರಿಕದವನು ಆಫ್ರಿಕವನ್ನು ಅಮೆರಿಕದಲ್ಲಿ ಕಂಡುಕೊಂಡನು.

ಮರಳಿ ಬಂದ ಮೇಲೆ ಅವನ ಸಂಗೀತವೇ ಬೇರೆಯಾಯಿತು. ಅದಕ್ಕೆ ‘ಆಫ್ರೋಬೀಟ್’ ಎಂದು ಹೆಸರು. ಟೋನಿ ಆಲನ್ ಎಂಬ ಅಸಾಧಾರಣ ತಾಳಜ್ಞನ ಚರ್ಮವಾದ್ಯಗಳ ಮೇಲೆ ತಂತಿವಾದ್ಯಗಳು ಒಂದೇ ಸಣ್ಣ ಪಲುಕನ್ನು ಎಡೆಬಿಡದೆ ನುಡಿಸುತ್ತಿರುವುವು. ಅದರ ಮೇಲೆ ಸುಷಿರವಾದ್ಯಗಳ ಗರ್ಜನೆ. ಹತ್ತು ನಿಮಿಷ ಕಳೆದ ಬಳಿಕ ಗಾಯಕನ ಮಾತು, ಅದಕ್ಕೆ ಹೆಂಗಸರ ಮೇಳದ ಪ್ರತ್ಯುತ್ತರ. ತಟ್ಟೆಯ ಒಂದು ಮಗ್ಗುಲನ್ನೆಲ್ಲ ಒಂದೇ ಹಾಡು ತುಂಬುತ್ತಿದ್ದಿತು. ಒಮ್ಮೆ ಮುದ್ರಿಸಿದ ಹಾಡನ್ನು ಅವನು ಮತ್ತೆ ಸಭೆಯಲ್ಲಿ ಹಾಡುತ್ತಿರಲಿಲ್ಲ. ಭಾಷೆಯು ಕೂಲಿಗಳೂ ಬಂಡಿಯವರೂ ಆಡುವ ಒಡಕು ಇಂಗ್ಲಿಷು. ಸಂಸ್ಕೃತ ನಾಟಕಗಳಲ್ಲಿ ಸೇವಕರ ಬಾಯಲ್ಲಿರುವ ಪ್ರಾಕೃತದಂತೆ ಅದನ್ನು ಪಂಡಿತರು ಕೀಳಾಗಿ ಕಂಡರೂ ಭಿನ್ನಭಾಷೆಗಳ ಆ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತಿದ್ದುದು ಅದೊಂದೇ.

ಲಾಗೋಸ್ ನಗರದ ತನ್ನ ಮನೆಯನ್ನು ಸ್ವತಂತ್ರ ಗಣರಾಜ್ಯವೆಂದು ಸಾರಿ, ತಾನು ಸೆರೆಯಿದ್ದ ಕೊಠಡಿಯ ಹೆಸರಾದ ‘ಕಲಕುಟ’ ಎಂಬುದನ್ನೇ ಅದಕ್ಕಿಟ್ಟನು. ಆ ಹೆಸರು ನಮ್ಮ ಕಲ್ಕತ್ತೆಯ ಕಗ್ಗತ್ತಲೆಯ ಕೋಣೆಯ ಕಥೆಯಿಂದ ಹುಟ್ಟಿದುದೆಂದು ಕೆಲವರು ಹೇಳುವರು. ‘ರಾನ್ಸಮ್’ ಎಂಬ ಕುಲನಾಮವು ದಾಸ್ಯದ ಗುರುತೆಂದು ಕಿತ್ತೊಗೆದು ‘ಅನಿಕುಲಾಪೊ’ ಎಂದು ಕರೆದುಕೊಂಡನು. ಮೃತ್ಯುವನ್ನು ಚೀಲದಲ್ಲಿಟ್ಟುಕೊಂಡವನೆಂದು ಅರ್ಥ.

1976ರಲ್ಲಿ ‘ಜೋಂಬಿ’ ಎಂಬ ಹಾಡು ಬಂದಿತು. ಜೋಂಬಿಯೆಂದರೆ ಪರರ ಅಪ್ಪಣೆಯಂತೆ ನಡೆದಾಡುವ ಶವ. ನಮ್ಮ ಬೇತಾಳನಾದರೂ ಪ್ರಶ್ನೆಯನ್ನು ಕೇಳುತ್ತಾನೆ. ಇದಕ್ಕೆ ಅದೂ ಇಲ್ಲ. ಸಿಪಾಯಿಗಳೇ ಈ ಶವಗಳೆಂಬುದು ಹಾಡಿನ ತಾತ್ಪರ್ಯ. ಆಗ ಆಳುತ್ತಿದ್ದ ಸೇನಾನಿ ಒಬಸಂಜೋ ಅಬೆಯೊಕುಟದ ಕಡೆಯವನೇ. 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸಿಪಾಯಿಗಳು ಮನೆಯನ್ನು ಮುತ್ತಿ, ಒಳಗಿದ್ದ ಗಂಡಸರನ್ನೂ ಹೆಂಗಸರನ್ನೂ ಥಳಿಸಿ, ಬೆಂಕಿಯಿಟ್ಟರು. ವಾದ್ಯಗಳೂ, ಮುದ್ರಿಕೆಗಳೂ, ತಮ್ಮನ ಚಿಕಿತ್ಸಾಲಯವೂ ಬೂದಿಯಾದುವು. ಎಪ್ಪತ್ತಾರು ವರ್ಷದ ಫುನ್ಮಿಲಾಯೊಳನ್ನು ಮಹಡಿಯ ಕಿಟಕಿಯಿಂದ ಹೊರಕ್ಕೆಸೆದರು. ವಿಚಾರಣೆಯಲ್ಲಿ ‘ಯಾರೋ ಅಪರಿಚಿತ ಸೈನಿಕನ’ ಕೃತ್ಯವೆಂದು ತೀರ್ಮಾನವಾಯಿತು. ಸಾವಿರ ಮಂದಿಯಲ್ಲಿ ಒಬ್ಬನ ಗುರುತೂ ಸಿಕ್ಕಲಿಲ್ಲ! ಆಕೆಯು ಚೇತರಿಸಿಕೊಳ್ಳದೆ 1978ರ ಏಪ್ರಿಲ್ 13ರಂದು ತೀರಿಕೊಂಡಳು.

ಒಬಸಂಜೋ ಅಧಿಕಾರವನ್ನು ಬಿಟ್ಟುಕೊಡುತ್ತಿದ್ದ 1979ರಲ್ಲಿ ಫೇಲಾ ತಾಯಿಯ ಹೆಸರಿನ ಶವಪೆಟ್ಟಿಗೆಯೊಂದನ್ನು ಹೊತ್ತು, ಸೇನಾನಿಯ ನಿವಾಸವಾದ ಡೋಡನ್ ಬ್ಯಾರಕ್ಸಿನ ಬಾಗಿಲಿಗೆ ಪರಿವಾರದೊಡನೆ ನಡೆದು, ಅದನ್ನು ಅಲ್ಲಿಯೇ ಇರಿಸಿ ಬಂದನು. ಅರಮನೆಯ ಮುಂದೆ ತಾಯಿಯು ನಿಂತಂತೆಯೇ ಇವನೂ ನಿಂತನು. ಆದರೆ ಈ ಬಾಗಿಲಿನಿಂದ ಯಾರೂ ಇಳಿದು ಓಡಲಿಲ್ಲ. ಈ ಘಟನೆಯನ್ನೂ ಅವನು ಹಾಡಾಗಿಸಿದನು. ಅವನ ಇತರ ಹಾಡುಗಳು ಕೋಪದಿಂದ ನಡೆದರೆ ಇದು ಶ್ರಾದ್ಧದ ಗತಿಯಲ್ಲಿ ನಡೆಯುತ್ತದೆ.

ಅವನ ನಡತೆಯೆಲ್ಲವೂ ಶ್ಲಾಘ್ಯವಲ್ಲ. ಗಾಂಜಾ ಸೇವನೆಯಿರಲಿ, 1978ರಲ್ಲಿ ಇಪ್ಪತ್ತೇಳು ಮಂದಿ ಹೆಂಗಸರನ್ನು ಒಂದೇ ಸಮಾರಂಭದಲ್ಲಿ ವಿವಾಹವಾದನು. ಗಂಡಸಿಗೆ ಸಮಾನಳೆನ್ನುವ ಹೆಣ್ಣನ್ನು 1972ರ ‘ಲೇಡಿ’ ಎಂಬ ಹಾಡಿನಲ್ಲಿ ಹಾಸ್ಯಮಾಡಿದನು. ಫುನ್ಮಿಲಾಯೊಳ ಮಗನು ಈ ಹಾಡನ್ನು ಕಟ್ಟಿದನೆಂಬುದು ಕ್ಷಮಿಸಲು ಕಷ್ಟವಾದ ಸಂಗತಿ.

1984ರಲ್ಲಿ ಸೇನಾನಿ ಬುಹಾರಿಯ ಸರಕಾರವು ವಿದೇಶೀ ಹಣದ ಆರೋಪದ ಮೇಲೆ ಅವನಿಗೆ ಐದು ವರ್ಷಗಳ ಸೆರೆಯನ್ನು ವಿಧಿಸಿತು. ಇಪ್ಪತ್ತು ತಿಂಗಳ ಮೇಲೆ ಬಿಡುಗಡೆಯಾಯಿತು. 1997ರ ಆಗಸ್ಟ್ 2ರಂದು ಫೇಲಾ ಕಾಲವಾದನು. ಹಿಂದೆ ಆರೋಗ್ಯಮಂತ್ರಿಯಾಗಿದ್ದ ಅಣ್ಣ ಒಲಿಕೋಯೆ, ಮರಣಕ್ಕೆ ಏಡ್ಸ್ ರೋಗವೇ ಕಾರಣವೆಂದು ಬಹಿರಂಗವಾಗಿ ಹೇಳಿದನು. ಆ ಹೆಸರನ್ನು ಉಚ್ಚರಿಸಲೂ ಜನರು ಹಿಂಜರಿಯುತ್ತಿದ್ದ ಕಾಲವದು. ಹತ್ತು ಲಕ್ಷಕ್ಕೂ ಹೆಚ್ಚು ಜನರು ಲಾಗೋಸಿನ ಬೀದಿಗಳಲ್ಲಿ ನೆರೆದರು. ಇಕೆಜಾದಲ್ಲಿದ್ದ ಅವನ ಕಡೆಯ ಮನೆಯ ಮುಂಭಾಗದಲ್ಲಿ ಅವನನ್ನು ಹೂಳಿದರು. ಆ ಮನೆಯು 2012ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹಿರಿಯ ಮಗ ಫೆಮಿಯೂ ಕಿರಿಯ ಮಗ ಶೆಯುನನೂ ತಂದೆಯ ಸಂಗೀತವನ್ನೇ ಹಿಡಿದರು. ಒಬಸಂಜೋ 1999ರಲ್ಲಿಯೂ ಬುಹಾರಿ 2015ರಲ್ಲಿಯೂ ಮತ್ತೆ ಅಧಿಕಾರಕ್ಕೆ ಬಂದರು, ಈ ಸಲ ಚುನಾವಣೆಯ ಮೂಲಕ.