‘ಸುವರ್ಣದಾಗ ಬಂದೈತಿ’ ಅಂದರೆ ಯಾವ ಸುವರ್ಣ?

ಹೊನವಾಡದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು ಎಂದುಕೊಳ್ಳಿ. ಕೆಳಗೆ ‘ಸುವರ್ಣದಾಗ ಬಂದೈತಿ, ಖರೇನ ಐತಿ’ ಎಂಬ ಸಾಲು. ನಾವು ಮೊದಲು ಕೇಳುವುದು: ಯಾವ ಸುವರ್ಣ? ಈ ಹೆಸರಿಗೆ ಇಬ್ಬರು ಮಾಲೀಕರಿದ್ದಾರೆ.

ಧಾರಾವಾಹಿಗಳ ಸುವರ್ಣ ವಾಹಿನಿಯನ್ನು 2007ರಲ್ಲಿ ಶುರುಮಾಡಿದ್ದು ಏಷ್ಯಾನೆಟ್. ಮರುವರ್ಷ ಅದರ ಮನರಂಜನಾ ವಾಹಿನಿಗಳಲ್ಲಿ ಸ್ಟಾರ್ ಸಂಸ್ಥೆ ಹೆಚ್ಚಿನ ಪಾಲು ಕೊಂಡಿತು. ಸುದ್ದಿ ವಾಹಿನಿ ಮಾತ್ರ ರಾಜೀವ್ ಚಂದ್ರಶೇಖರ್ ಅವರ ಜುಪಿಟರ್ ಕ್ಯಾಪಿಟಲ್ ಸಮೂಹದಲ್ಲೇ ಉಳಿಯಿತು. ಹಾಗಾಗಿ ಸ್ಟಾರ್ ಸುವರ್ಣ ಬೇರೆ, ಏಷ್ಯಾನೆಟ್ ಸುವರ್ಣ ನ್ಯೂಸ್ ಬೇರೆ. ಸುದ್ದಿ ತಪ್ಪಿದ್ದರೆ ಧಾರಾವಾಹಿ ವಾಹಿನಿಗೆ ದೂರು ಬರೆದು ಏನೂ ಆಗದು.

ತಮಾಷೆಯೆಂದರೆ, ಹೆಸರು ಬೇರೆಯಿದ್ದೂ ಮನೆ ಒಂದೇ ಆಗಿರುವುದುಂಟು. ಹಿಂದಿನ ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. 2024ರ ನವೆಂಬರ್‌ನ ವಿಲೀನದ ಬಳಿಕ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಸ್ಟಾರ್ ಕಂಪನಿಯವು.

ಕೇಬಲ್‌ನವರೇ ನಡೆಸುವ ಲೋಕಲ್ ಚಾನೆಲ್ ಇವುಗಳ ಶಾಖೆಯಲ್ಲ. ಕೇಂದ್ರದ 2022ರ ಮಾರ್ಗಸೂಚಿಯಂತೆ ಅದು ನೋಂದಣಿಯಾಗಬೇಕು, ಪರದೆಯಲ್ಲಿ ‘ಪ್ಲಾಟ್‌ಫಾರ್ಮ್ ಸರ್ವಿಸಸ್’ ಎಂದು ತೋರಿಸಬೇಕು. ಸ್ಥಳೀಯ ಸುದ್ದಿ ಹಾಕುವವರು ಕಂಪನಿಯಾಗಿ ನೋಂದಾಯಿಸಿಕೊಂಡಿರಬೇಕು. ಮೈಕಿಗೆ ಲೋಗೊ ಅಂಟಿಸಿದ ಯೂಟ್ಯೂಬ್ ಚಾನೆಲ್‌ಗೆ ಈ ಯಾವುದೂ ಅನ್ವಯಿಸದು; ನಮಗೆ ಹೆಚ್ಚು ಗೊಂದಲ ಕಾಣುವುದೂ ಇಲ್ಲೇ.

ಅನುಮಾನ ಬಂದರೆ ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಜಾಲತಾಣ ತೆರೆಯಿರಿ. ಅನುಮತಿ ಪಡೆದ ಉಪಗ್ರಹ ವಾಹಿನಿಗಳ ಪಟ್ಟಿ, ಕಂಪನಿಯ ಹೆಸರಿನ ಸಮೇತ, ಅಲ್ಲಿದೆ.